ಆ ಕಾರ್ಡು ತೋರಿಸಿದರೆ ಕೆಲಗೇರಿಯಲ್ಲಿ ಮನೆ ಸಿಗುವುದಿಲ್ಲ

“ಇಎಸ್‌ಎ ಸರ್ಟಿಫಿಕೇಟ್ ಐತಿ ಅಂದ್ರ ಯಾವ ಓನರೂ ನಾಯಿ ಬ್ಯಾಡ ಅನ್ನಂಗಿಲ್ಲ.” ಬಾಡಿಗೆ ಮನೆ ಹುಡುಕುವ ಹುಡುಗ ಹುಡುಗಿಯರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೇಳುವವರು ಓದಿದವರು. ಎಂ.ಎಸ್ಸಿ. ಮಾಡುತ್ತಿರುವವರು, ಕೆ.ಎ.ಎಸ್. ಪರೀಕ್ಷೆಗೆ ಕಾನೂನಿನ ಪುಸ್ತಕ ಹಿಡಿದು ಕೂತವರು. ಅವರೇ ಇದನ್ನು ನಂಬಿ ಆನ್‌ಲೈನಿನಲ್ಲಿ ದುಡ್ಡು ಕಟ್ಟುತ್ತಾರೆ. ನಾಲ್ಕಾರು ಪ್ರಶ್ನೆಗಳಿಗೆ ಟಿಕ್ ಹಾಕಿದರೆ ಸಾಕು, ನಾಯಿಯ ಫೋಟೋ, ಬಣ್ಣದ ಮುದ್ರೆ, ‘ನೋಂದಣಿ ಸಂಖ್ಯೆ’ ಎಲ್ಲ ಇರುವ ಕಾರ್ಡೊಂದು ಬರುತ್ತದೆ. ಎಮೋಷನಲ್ ಸಪೋರ್ಟ್ ಅನಿಮಲ್ (ಇಎಸ್‌ಎ), ಅಂದರೆ ಈ ನಾಯಿ ನನ್ನ ಮನಸ್ಸಿನ ಆಸರೆ ಎಂಬ ಘೋಷಣೆ ಅದರಲ್ಲಿರುತ್ತದೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಧಾರವಾಡದ ಕೆಲಗೇರಿಯ ಮನೆ ಮಾಲೀಕರ ಮುಂದೆ ಹಿಡಿದರೆ ಅವರು ಕೇಳುವುದು ಒಂದೇ ಮಾತು: “ಇದೇನ್ರೀ?”

ನ್ಯಾಯವಾದ ಪ್ರಶ್ನೆ. ಆ ಕಾರ್ಡಿಗೆ ನಮ್ಮ ದೇಶದಲ್ಲಿ ಕಾನೂನಿನ ಬೆಲೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ತೆಗೆದು ನೋಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನು ನೋಡಿ, 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನೂ ನೋಡಿ. ಇಎಸ್‌ಎ ಎಂಬ ವರ್ಗವೇ ಅವುಗಳಲ್ಲಿಲ್ಲ. ಇಲ್ಲದ ವರ್ಗಕ್ಕೆ ಅರ್ಹತೆ ಪಡೆಯುವುದು ಹೇಗೆ?

ಹಾಗಾದರೆ ಈ ಮಾತು ಬಂದದ್ದೆಲ್ಲಿಂದ? ಅಮೆರಿಕದಿಂದ. ಅಲ್ಲಿರುವ ಅಣ್ಣನೋ ಗೆಳತಿಯೋ ಕಳಿಸಿದ ವಾಟ್ಸಾಪ್ ಸಂದೇಶದ ಬೆನ್ನೇರಿ ಬಂದಿದೆ. ಅಲ್ಲಿ ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ತಾರತಮ್ಯ ತಡೆಯುವ ಫೇರ್ ಹೌಸಿಂಗ್ ಆ್ಯಕ್ಟ್ ಎಂಬ 1968ರ ಕಾನೂನು ಇದೆ. 1988ರ ತಿದ್ದುಪಡಿಯಲ್ಲಿ ಅಂಗವೈಕಲ್ಯ ಇರುವವರನ್ನೂ ಅದರ ರಕ್ಷಣೆಗೆ ಸೇರಿಸಿದರು. ಆ ರಕ್ಷಣೆಯ ಆಧಾರದ ಮೇಲೆ, ಸಾಕುಪ್ರಾಣಿ ಬೇಡ ಎನ್ನುವ ಮನೆಯಲ್ಲೂ ಆಸರೆಯ ಪ್ರಾಣಿಗೆ ಅವಕಾಶ ಕೊಡಿ ಎಂದು ಬಾಡಿಗೆದಾರರು ಅಲ್ಲಿ ಕೇಳಬಹುದು. ಅಷ್ಟು ನಿಜ. ಆದರೆ ಅಲ್ಲಿಯೂ ಇಂಥ ಪ್ರಾಣಿಗಳನ್ನು ನೋಂದಾಯಿಸುವ ಸರ್ಕಾರಿ ಪಟ್ಟಿ ಯಾವುದೂ ಇಲ್ಲ. ಕಾರ್ಡಿನ ಮೇಲಿನ ಆ ಸಂಖ್ಯೆ ಅದನ್ನು ಮಾರಿದವರೇ ಬರೆದುಕೊಂಡದ್ದು. ದುಡ್ಡು ಕೊಟ್ಟವರಿಗೆಲ್ಲ ಆನ್‌ಲೈನಿನಲ್ಲಿ ಸಿಗುವ ಸರ್ಟಿಫಿಕೇಟು ಅಷ್ಟರಿಂದಲೇ ಪುರಾವೆ ಆಗುವುದಿಲ್ಲ ಎಂದು ಅಮೆರಿಕದ ವಸತಿ ಇಲಾಖೆ 2020ರ ಜನವರಿಯಲ್ಲೇ ಸ್ಪಷ್ಟವಾಗಿ ಹೇಳಿತ್ತು. ಕ್ಯಾಲಿಫೋರ್ನಿಯಾದಲ್ಲಂತೂ 2022ರಿಂದ, ನಾಯಿಯನ್ನು ಇಎಸ್‌ಎ ಎನ್ನುವ ಪತ್ರ ಕೊಡಬೇಕಾದರೆ ಚಿಕಿತ್ಸಕರು ಕನಿಷ್ಠ 30 ದಿನ ಮೊದಲಿನಿಂದ ಆ ವ್ಯಕ್ತಿಯನ್ನು ನೋಡುತ್ತಿರಬೇಕು. ಇನ್ನು ವಿಮಾನದ ವಿಷಯ. ಇಎಸ್‌ಎ ಪ್ರಾಣಿಗಳನ್ನು ಕ್ಯಾಬಿನ್ನಿನಲ್ಲಿ ಒಯ್ಯಲೇಬೇಕೆಂಬ ಹೊರೆಯನ್ನು ಅಮೆರಿಕದ ಸಾರಿಗೆ ಇಲಾಖೆ 2020ರ ಡಿಸೆಂಬರಿನ ನಿಯಮದಲ್ಲಿ ತೆಗೆದುಹಾಕಿದೆ.

ಯಾರೂ ಗಮನಿಸದ ಸಂಗತಿ ಇನ್ನೊಂದಿದೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳಿರುವ ಕಟ್ಟಡದಲ್ಲಿ ಮಾಲೀಕರೂ ವಾಸವಿದ್ದರೆ ಅಮೆರಿಕದ ಆ ಕೇಂದ್ರ ಕಾನೂನು ಸಾಮಾನ್ಯವಾಗಿ ಅವರಿಗೆ ಅನ್ವಯಿಸುವುದಿಲ್ಲ. ಈಗ ಕೆಲಗೇರಿಯ ಬಾಡಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ಕೆಳಗೆ ಓನರು, ಮೇಲೆ ಒಂದೋ ಎರಡೋ ಬಾಡಿಗೆ ಮನೆ, ಹೊರಗಿನಿಂದ ಮೆಟ್ಟಿಲು. ಅಮೆರಿಕದ ಕಾನೂನನ್ನು ಇದ್ದಹಾಗೇ ತಂದು ಧಾರವಾಡದಲ್ಲಿ ಜಾರಿ ಮಾಡಿದರೂ ಇಂಥ ಹೆಚ್ಚಿನ ಮನೆಗಳ ಬಾಗಿಲು ಅದರಿಂದ ತೆರೆಯುವುದಿಲ್ಲ. ಇಷ್ಟನ್ನು ತಿಳಿಯಲು ಅರ್ಧ ಗಂಟೆಯ ಓದು ಸಾಕು. ಆ ಅರ್ಧ ಗಂಟೆ ಯಾರಿಗೂ ಇಲ್ಲ, ದುಡ್ಡು ಕಟ್ಟುವುದಕ್ಕೆ ಮಾತ್ರ ಪುರುಸೊತ್ತಿದೆ.

“ಸಂವಿಧಾನದ 51ಎ(ಜಿ) ಇದೆಯಲ್ಲ, ಪ್ರಾಣಿಗಳ ಮೇಲೆ ದಯೆ ಇರಬೇಕು ಅಂತ” ಎಂದು ವಾದಿಸುವವರಿದ್ದಾರೆ. ಅದು ನಾಗರಿಕರ ಮೂಲಭೂತ ಕರ್ತವ್ಯ. ಅದನ್ನು ಹಿಡಿದು ಖಾಸಗಿ ಮನೆಯ ಮಾಲೀಕರಿಂದ ಕೀಲಿಕೈ ಪಡೆಯಲಾಗದು. ಇನ್ನೊಂದು ವಾದಕ್ಕೆ ಸ್ವಲ್ಪ ಹುರುಳಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ: ಅಪಾರ್ಟ್‌ಮೆಂಟಿನ ಸಂಘಗಳು ಬಹುಮತದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಬೊಗಳುತ್ತದೆ ಎಂಬುದು ನಿಷೇಧಕ್ಕೆ ಕಾರಣವಾಗದು. 2021ರಲ್ಲಿ ಕೇರಳ ಹೈಕೋರ್ಟ್ ಕೂಡ, ನಿವಾಸಿಗಳ ಸಂಘದ ಬೈಲಾದಲ್ಲಿ ಇಂಥ ನಿಷೇಧ ಬರೆದರೆ ಅದು ಊರ್ಜಿತವಲ್ಲ ಎಂದಿತು. ಆದರೆ ಇವೆಲ್ಲ ಸಂಘಕ್ಕೆ ಹಾಕಿದ ಲಗಾಮು. ತನ್ನ ಫ್ಲ್ಯಾಟಿನಲ್ಲಿ ತಾನೇ ಇರುವವರಿಗೆ, ಮಾಲೀಕರ ಒಪ್ಪಿಗೆ ಪಡೆದು ಬಾಡಿಗೆಗಿರುವವರಿಗೆ ಇದು ದೊಡ್ಡ ಬಲ. ಮನೆ ಕೊಡುವ ಮಾಲೀಕರೇ “ನಾಯಿ ಇದ್ರ ಮನಿ ಕೊಡಂಗಿಲ್ಲ” ಎಂದರೆ, ಅಗ್ರಿಮೆಂಟಿನಲ್ಲಿ ಆ ಷರತ್ತು ಬರೆದರೆ, ಸಹಿ ಹಾಕಿದ ಮೇಲೆ ಅದಕ್ಕೆ ನೀವು ಬದ್ಧರು.

11 ತಿಂಗಳ ಅಗ್ರಿಮೆಂಟು ನೋಂದಣಿಯಾಗಿಲ್ಲ, ಅದಕ್ಕೇನು ಬೆಲೆ ಎನ್ನುವವರೂ ತಪ್ಪು. ಸಾಮಾನ್ಯವಾಗಿ ಒಂದು ವರ್ಷ ಮೀರಿದ ಗುತ್ತಿಗೆಗಷ್ಟೇ ನೋಂದಣಿ ಕಡ್ಡಾಯ. ಗೈಡ್ ನಾಯಿಯ ಉದಾಹರಣೆ ಕೊಡುವವರಿಗೂ ಒಂದು ಮಾತು: ಕುರುಡರಿಗೆ ದಾರಿ ತೋರುವ ಆ ನಾಯಿಯೂ ಇಎಸ್‌ಎ ನಾಯಿಯೂ ಒಂದೇ ಅಲ್ಲ. ಮೊದಲನೆಯದಕ್ಕೆ ನಿರ್ದಿಷ್ಟ ಕೆಲಸಕ್ಕೆಂದು ತರಬೇತಿ ಆಗಿರುತ್ತದೆ. ಕೆಲವು ತಳಿಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿದೆ ಎಂದು ಹೆದರಿಸುವ ಮಾಲೀಕರಿಗೆ ಹೇಳಿ, 23 ತಳಿಗಳ ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲಿನಲ್ಲಿ ರದ್ದುಪಡಿಸಿತು.

ನನ್ನನ್ನು ಎಲ್ಲಕ್ಕಿಂತ ನೋಯಿಸುವುದು ಬೇರೆ. ಈ ಕಾರ್ಡು ಕೊಳ್ಳುವವರಲ್ಲಿ ನಿಜಕ್ಕೂ ಸಂಕಟದಲ್ಲಿರುವವರಿದ್ದಾರೆ. ಊರು ಬಿಟ್ಟು ಬಂದು, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ರಾತ್ರಿ ನಿದ್ದೆ ಇಲ್ಲದೆ ಒಂದು ಬೆಕ್ಕಿನ ಮರಿಯನ್ನು ಎದೆಗವಚಿಕೊಂಡು ಮಲಗುವವರು. ಪ್ರಾಣಿ ಜೊತೆಗಿದ್ದರೆ ಮನಸ್ಸಿಗೆ ಧೈರ್ಯ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅವರ ಪರಿಚಯವೇ ಇಲ್ಲದ, ಭಾರತದಲ್ಲಿ ವೈದ್ಯಕೀಯ ನೋಂದಣಿಯೇ ಇಲ್ಲದ ಯಾರೋ ಅವರಿಗೆ ಖಿನ್ನತೆ ಎಂದು ಬರೆದುಕೊಡುತ್ತಾರೆ. ಚಿಕಿತ್ಸೆ ಕೊಡುವುದಿಲ್ಲ, ಮತ್ತೆ ಬನ್ನಿ ಎನ್ನುವುದಿಲ್ಲ. ಇತ್ತ ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹಳೆಯ ತಲೆಮಾರು ಅದನ್ನು ‘ಹುಚ್ಚರ ದವಾಖಾನಿ’ ಎಂದು ಕರೆದು ಕರೆದು ಎಷ್ಟು ಹೆದರಿಕೆ ಬಿತ್ತಿದೆಯೆಂದರೆ, ಊರಲ್ಲೇ ಇರುವ ಮನೋವೈದ್ಯರ ಬಾಗಿಲಿಗೆ ಹೋಗಲು ನಾಚುವವರು ಕಾಣದೂರಿನ ಜಾಲತಾಣಕ್ಕೆ ತಮ್ಮ ಕಷ್ಟವನ್ನೆಲ್ಲ ತುಂಬಿಕೊಡುತ್ತಾರೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಾನಸಿಕ ಕಾಯಿಲೆ ತೀವ್ರವಾಗಿದ್ದರೆ ಅಂಗವೈಕಲ್ಯ ಪ್ರಮಾಣಪತ್ರ ಸಿಗುತ್ತದೆ, ಅದೂ ನಿಜ. 2016ರ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆ ಒಂದು. ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು, ದುಡಿಮೆ, ಎಷ್ಟು ವರ್ಷದಿಂದ ಕಾಯಿಲೆ, ಇವನ್ನೆಲ್ಲ ಅಳೆದು ವೈದ್ಯರು ಶೇಕಡಾವಾರು ನಿರ್ಧರಿಸುತ್ತಾರೆ. ಮೀಸಲಾತಿಯಂಥ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ 40 ಬೇಕು. ಆ ಪ್ರಮಾಣಪತ್ರದಲ್ಲೂ ನಾಯಿಯ ಮಾತಿಲ್ಲ.

ನಂಬಿಕೆಯ ಬೆಲೆಯನ್ನು ಕೊನೆಗೆ ತೆರುವುದು ಆ ಮೂಕಪ್ರಾಣಿ. ಕಾರ್ಡನ್ನು ನೆಚ್ಚಿ ಮರಿ ತಂದು, ಗುಟ್ಟಾಗಿ ಸಾಕಿ, ಓನರಿಗೆ ಗೊತ್ತಾಗಿ, ಮನೆಯೋ ನಾಯಿಯೋ ಎಂಬ ಹೊತ್ತು ಬಂದಾಗ ಬೀದಿಗೆ ಬೀಳುವುದು ಯಾರು? ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಇಎಸ್‌ಎ ಕಾರ್ಡಿನ ಬಗ್ಗೆ ಫಾರ್ವರ್ಡ್ ಮಾಡುವವರು ಈ ನಾಚಿಕೆಗೇಡಿನ ಅಂಕಿಯ ಬಗ್ಗೆ ಒಂದು ಸಂದೇಶ ಕಳಿಸಿದ್ದನ್ನು ನಾನು ಕಂಡಿಲ್ಲ.

ನಾಯಿಯೋ ಬೆಕ್ಕೋ ಜೊತೆಗಿರಲೇಬೇಕು ಎನ್ನುವವರು ಅಡ್ವಾನ್ಸ್ ಕೊಡುವ ಮೊದಲೇ ಮಾಲೀಕರಿಗೆ ಹೇಳಿ. ರೇಬಿಸ್ ಲಸಿಕೆಯ ಪುಸ್ತಕ ಕೈಯಲ್ಲಿರಲಿ, ಪ್ರಾಣಿಯನ್ನೂ ಕರೆದುಕೊಂಡು ಹೋಗಿ ತೋರಿಸಿ. ಚಿಕಿತ್ಸೆಯಲ್ಲಿದ್ದರೆ, ಹೇಳಿಕೊಳ್ಳಲು ನಿಮಗೆ ಮನಸ್ಸಿದ್ದರೆ, ನಿಮ್ಮನ್ನು ನೋಡುತ್ತಿರುವ ವೈದ್ಯರಿಂದ ಒಂದು ಪತ್ರ ತನ್ನಿ; ಅದು ಹಕ್ಕುಪತ್ರವಲ್ಲ, ಮಾಲೀಕರ ಮನಸ್ಸು ಕರಗಿದರೂ ಕರಗೀತು. ಒಪ್ಪಿದರೆ ಬಾಯಿಮಾತಿಗೆ ಬಿಡಬೇಡಿ. ಯಾವ ಪ್ರಾಣಿ, ಎಷ್ಟು, ವರ್ಷ ವರ್ಷ ಲಸಿಕೆ ಯಾರ ಖರ್ಚು, ಬಾಗಿಲು ಕೆರೆದರೆ ಗೋಡೆ ಕೆಟ್ಟರೆ ಡಿಪಾಸಿಟ್‌ನಿಂದ ಎಷ್ಟು ಮುರಿಯಬಹುದು, ಇಷ್ಟನ್ನೂ ಅಗ್ರಿಮೆಂಟಿನಲ್ಲೇ ಬರೆಸಿ, ಇಬ್ಬರೂ ಸಹಿ ಹಾಕಿ. ಒಪ್ಪದಿದ್ದರೆ ಬೇರೆ ಮನೆ ನೋಡಿ. ಮರಿಯನ್ನು ಇನ್ನೂ ತಂದಿಲ್ಲವೆಂದಾದರೆ, ಮನೆ ಸಿಗುವವರೆಗೆ ತರಬೇಡಿ.