‘ದಿ ಓಲ್ಡ್ ಮಿಲ್’ ಕಾರ್ಟೂನ್ ಚಿತ್ರದ ಗುಣವಿಚಾರ

ವಾಲ್ಟ್ ಡಿಸ್ನಿಯವರ ಸಂಸ್ಥೆ 1937ರ ನವೆಂಬರಿನಲ್ಲಿ ಹೊರತಂದ ‘ದಿ ಓಲ್ಡ್ ಮಿಲ್’ ಸುಮಾರು ಒಂಬತ್ತು ನಿಮಿಷಗಳ ಕಿರುಚಿತ್ರ. ‘ಸಿಲ್ಲಿ ಸಿಂಫನಿ’ ಮಾಲೆಗೆ ಸೇರಿದ ಇದನ್ನು ನಿರ್ದೇಶಿಸಿದವರು ವಿಲ್‌ಫ್ರೆಡ್ ಜಾಕ್ಸನ್. ಸಂಗೀತ ಲೀ ಹಾರ್ಲೈನ್ ಅವರದು. ಆ ವರ್ಷದ ಕಾರ್ಟೂನ್ ಕಿರುಚಿತ್ರ ವಿಭಾಗದ ಅಕಾಡೆಮಿ ಪ್ರಶಸ್ತಿ ಇದಕ್ಕೆ ಸಂದಿತು. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಇದು ಸೇರಿತು. ಚಲನಚಿತ್ರದ ಚರಿತ್ರೆಗಳಲ್ಲಿ ಇದರ ಹೆಸರು ಬಂದಲ್ಲೆಲ್ಲ ಅದರ ಬೆನ್ನಿಗೇ ಒಂದು ಯಂತ್ರದ ಹೆಸರೂ ಬರುತ್ತದೆ: ಮಲ್ಟಿಪ್ಲೇನ್ ಕ್ಯಾಮೆರಾ. ಯಂತ್ರದ ಪ್ರಶಂಸೆ ಮುಗಿದ ಮೇಲೆ ಚಿತ್ರವನ್ನು ಕುರಿತು ಹೇಳತಕ್ಕದ್ದು ಏನೂ ಉಳಿದಿಲ್ಲವೆಂಬಂತೆ ಅನೇಕ ಲೇಖಕರು ಮುಂದಕ್ಕೆ ಸಾಗಿಬಿಡುತ್ತಾರೆ. ಈ ರೂಢಿ ನಮಗೆ ಒಪ್ಪಿತವಲ್ಲ. ಅಂದು ಕಷ್ಟಪಟ್ಟು ಸಾಧಿಸಿದ ಆ ಆಳದ ಭ್ರಮೆಯನ್ನು ಇಂದು ಕಂಪ್ಯೂಟರಿನ ನೆರವಿನಿಂದ ಒಬ್ಬ ವಿದ್ಯಾರ್ಥಿಯೂ ಉಂಟುಮಾಡಬಲ್ಲನು. ಚಿತ್ರದ ಗುಣವೆಲ್ಲ ಯಂತ್ರದ್ದೇ ಆಗಿದ್ದ ಪಕ್ಷದಲ್ಲಿ, ಯಂತ್ರ ಹಳತಾದೊಡನೆ ಚಿತ್ರವೂ ಹಳತಾಗಿರಬೇಕಾಗಿತ್ತು. ಹಾಗೆ ಆಗಿಲ್ಲವೆಂಬುದನ್ನು ನೋಡಿದವರೆಲ್ಲ ಬಲ್ಲರು.

ಮೊದಲು ಯಂತ್ರದ ವಿಚಾರ. ಮಟ್ಟಸವಾದ ಒಂದೇ ಚಿತ್ರಪಟದ ಕಡೆಗೆ ಕ್ಯಾಮೆರಾ ಸರಿದರೆ, ಮುಂದಿರುವ ಗಿಡ ದೊಡ್ಡದಾದಂತೆ ಆಕಾಶದ ಚಂದ್ರನೂ ಅದೇ ಪ್ರಮಾಣದಲ್ಲಿ ದೊಡ್ಡವನಾಗುತ್ತಾನೆ. ನಿಜವಾದ ಲೋಕದಲ್ಲಿ ಹೀಗಾಗದು. ನಾವು ಹತ್ತು ಹೆಜ್ಜೆ ಮುಂದೆ ನಡೆದರೆ ಗಿಡ ಬೆಳೆದಂತೆ ಕಾಣುತ್ತದೆಯೇ ಹೊರತು ಚಂದ್ರ ಬೆಳೆಯುವುದಿಲ್ಲ. ಈ ದೋಷವನ್ನು ನಿವಾರಿಸುವುದಕ್ಕಾಗಿ ದೃಶ್ಯದ ಭಾಗಗಳನ್ನು ಬೇರೆಬೇರೆ ಗಾಜಿನ ಹಲಗೆಗಳ ಮೇಲೆ ಬರೆದು, ಒಂದರ ಕೆಳಗೊಂದರಂತೆ ಅಂತರವಿಟ್ಟು ಜೋಡಿಸಿ, ಮೇಲಿನಿಂದ ಛಾಯಾಗ್ರಹಣ ಮಾಡುವ ಏರ್ಪಾಡು ನಡೆಯಿತು. ಡಿಸ್ನಿ ಸಂಸ್ಥೆಯ ಯಂತ್ರದಲ್ಲಿ ಇಂಥ ಏಳು ಹಂತಗಳವರೆಗೆ ಅವಕಾಶವಿತ್ತು. ಒಂದೊಂದನ್ನೂ ಪ್ರತ್ಯೇಕವಾಗಿ ಸರಿಸಬಹುದಾಗಿತ್ತು. ಕೆರೆಯಂಚಿನ ಜೊಂಡಿನಾಚೆ ಗಾಳಿಯ ಗಿರಣಿ ಮೆಲ್ಲಮೆಲ್ಲನೆ ಸಮೀಪಿಸುವ ಆರಂಭದ ದೃಶ್ಯದ ಸೊಗಸು ಇದರಿಂದ ಬಂದದ್ದು.

ಆದರೆ ಈ ಉಪಾಯ ಡಿಸ್ನಿಯವರಲ್ಲಿಯೇ ಹುಟ್ಟಿದ್ದಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಮುಗಿಸಿದ ರಾಜಕುಮಾರ ಅಹ್ಮದನ ಛಾಯಾಚಿತ್ರದಲ್ಲಿಯೇ ಪದರಪದರದ ಗಾಜಿನ ಬಳಕೆಯಿದೆ. ಡಿಸ್ನಿಯವರನ್ನು 1930ರಲ್ಲಿ ಬಿಟ್ಟುಹೋದ ಅಬ್ ಐವರ್ಕ್ಸ್ ಕೂಡ ತಮ್ಮದೇ ಆದ ಇಂಥ ಯಂತ್ರವೊಂದನ್ನು ಕಟ್ಟಿಕೊಂಡಿದ್ದರು. ಇದಲ್ಲದೆ, ‘ದಿ ಓಲ್ಡ್ ಮಿಲ್’ನ ಎಲ್ಲ ದೃಶ್ಯಗಳನ್ನೂ ಮಲ್ಟಿಪ್ಲೇನ್‌ನಿಂದ ತೆಗೆದದ್ದಲ್ಲ. ಆದಕಾರಣ ಗುಣವನ್ನು ಬೇರೆಡೆಯಲ್ಲಿ ಹುಡುಕಬೇಕು.

ಕಥೆ ಅತ್ಯಲ್ಪ. ಮನುಷ್ಯರು ಕೈಬಿಟ್ಟ ಗಾಳಿಯ ಗಿರಣಿಯೊಂದರಲ್ಲಿ ಗೂಬೆ, ಇಲಿ, ಪಾರಿವಾಳ, ಬಾವಲಿಗಳು ವಾಸಿಸುತ್ತಿವೆ. ಹಲ್ಲುಚಕ್ರದ ಒಂದು ಕುಳಿಯಲ್ಲಿ ನೀಲಿಹಕ್ಕಿಗಳ ಜೋಡಿ ಗೂಡು ಕಟ್ಟಿದೆ. ಸಂಜೆಯಾಗುತ್ತದೆ, ಬಾವಲಿಗಳು ಹೊರಬೀಳುತ್ತವೆ, ರಾತ್ರಿ ಬಿರುಗಾಳಿ ಎದ್ದು ಅಡಗುತ್ತದೆ, ಬೆಳಗಾಗುತ್ತದೆ. ಆದಿಯಿಂದ ಅಂತ್ಯದವರೆಗೆ ಒಂದು ಪ್ರಾಣಿಯೂ ಮಾತನಾಡುವುದಿಲ್ಲ.

ಪ್ರಾಣಿಗಳನ್ನು ಕಲೆಯಲ್ಲಿ ತರುವುದಕ್ಕೆ ಎರಡು ಮಾರ್ಗಗಳಿವೆ. ಒಂದು ಪಂಚತಂತ್ರದ ಮಾರ್ಗ. 11ನೆಯ ಶತಮಾನದ ನಮ್ಮ ದುರ್ಗಸಿಂಹನ ಕೃತಿಯಲ್ಲಿಯೂ ಸಿಂಹ, ಎತ್ತು, ನರಿಗಳು ರಾಜನೀತಿಯನ್ನು ಚರ್ಚಿಸುತ್ತವೆ. ಅವು ಮೃಗದ ವೇಷ ತೊಟ್ಟ ಮನುಷ್ಯರು. ಡಿಸ್ನಿಯವರದೇ ಆದ 1933ರ ‘ತ್ರೀ ಲಿಟ್ಲ್ ಪಿಗ್ಸ್’ ಈ ಮಾರ್ಗದ್ದು. ಅಲ್ಲಿಯ ಹಂದಿ ಇಟ್ಟಿಗೆಯ ಮನೆ ಕಟ್ಟುವುದಲ್ಲದೆ ಪಿಯಾನೋ ಕೂಡ ನುಡಿಸುತ್ತದೆ. ಇದು ಕೀಳೆಂದು ನಾವು ಹೇಳುತ್ತಿಲ್ಲ. ಎರಡನೆಯದು ಶಾಕುಂತಲದ ಮೊದಲ ಅಂಕದ ಜಿಂಕೆಯ ಮಾರ್ಗ. ಬಾಣಕ್ಕೆ ಹೆದರಿ, ಹಿಂದಿರುಗಿ ನೋಡುತ್ತ ಓಡುವ ಆ ಜಿಂಕೆ ಏನನ್ನೂ ಆಡುವುದಿಲ್ಲ. ಯಾವ ನೀತಿಯನ್ನೂ ಹೇಳುವುದಿಲ್ಲ. ಭಯಾನಕ ರಸಾಸ್ವಾದವನ್ನು ವಿವರಿಸಲು ಅಭಿನವಗುಪ್ತನು ಆ ಪದ್ಯವನ್ನೇ ಎತ್ತಿಕೊಂಡದ್ದು ಅಕಾರಣವಲ್ಲ. ಇವನ ಭಯ, ಅವನ ಭಯ ಎಂಬ ಗುರುತಿಲ್ಲದ ಶುದ್ಧವಾದ ಭಯ ಅಲ್ಲಿದೆ.

‘ದಿ ಓಲ್ಡ್ ಮಿಲ್’ ತನ್ನ ಶ್ರೇಷ್ಠ ಭಾಗದಲ್ಲಿ ಈ ಎರಡನೆಯ ಮಾರ್ಗವನ್ನು ಹಿಡಿದಿದೆ. ಬಿರುಗಾಳಿಯ ರಭಸಕ್ಕೆ ರೆಕ್ಕೆಗಳನ್ನು ಬಿಗಿದಿದ್ದ ಹಗ್ಗ ಹರಿಯುತ್ತದೆ. ಎಷ್ಟೋ ಕಾಲದಿಂದ ನಿಂತಿದ್ದ ಗಿರಣಿ ತಿರುಗತೊಡಗುತ್ತದೆ. ಒಳಗೆ ಹಲ್ಲುಚಕ್ರವೂ ಉರುಳುತ್ತದೆ. ಗೂಡಿರುವ ಕುಳಿ ಎದುರಿನ ಚಕ್ರದ ಹಲ್ಲನ್ನು ಸಂಧಿಸುವ ಕ್ಷಣ ಬರುತ್ತದೆ. ತಾಯಿಹಕ್ಕಿ ಹಾರಿಹೋಗಬಲ್ಲದು, ಮೊಟ್ಟೆಗಳು ಹಾರಲಾರವು. ಅದು ಮೈಯನ್ನು ಕುಗ್ಗಿಸಿಕೊಂಡು ಅಲ್ಲಿಯೇ ಉಳಿಯುತ್ತದೆ. ಆ ಕುಳಿಗೆ ಬಂದು ಕೂಡಬೇಕಾದ ಹಲ್ಲು ಮಾತ್ರ ಮುರಿದಿದೆ. ಚಕ್ರ ಸುತ್ತಿದಷ್ಟು ಸಲವೂ ಮೃತ್ಯು ಸಮೀಪಕ್ಕೆ ಬಂದು ದಾಟಿಹೋಗುತ್ತದೆ.

ಇದನ್ನು ಆಕಸ್ಮಿಕವಾದ ಪಾರುಗಾಣಿಕೆಯೆಂದು ಆಕ್ಷೇಪಿಸುವವರುಂಟು. ಅವರು ಶೀರ್ಷಿಕೆಯನ್ನು ಗಮನಿಸಿಲ್ಲ. ಗಿರಣಿ ಹಳೆಯದಾಗಿ ಮನುಷ್ಯರಿಗೆ ನಿರುಪಯೋಗಿಯಾದ್ದರಿಂದಲೇ ಅದು ಈ ಜೀವಿಗಳಿಗೆ ಮನೆಯಾಯಿತು. ಹಲ್ಲು ಮುರಿದದ್ದೂ ಆ ಹಳೆತನದಿಂದಲೇ. ಬಿರುಗಾಳಿ ಮಾಡುವ ಅನರ್ಥವೆಂದರೆ ಗಿರಣಿಯನ್ನು ಕೆಡವುವುದಕ್ಕಿಂತ ಮೊದಲು ಅದನ್ನು ಮತ್ತೆ ಗಿರಣಿಯನ್ನಾಗಿ ಮಾಡಲು ಹೊರಡುವುದು. ಯಂತ್ರ ಕೆಲಸಮಾಡುವುದೇ ಇಲ್ಲಿ ವಿಪತ್ತು, ಅದರ ಜೀರ್ಣತೆಯೇ ರಕ್ಷೆ. (ಇಂಥ ಚಿತ್ರವನ್ನು ಯಂತ್ರಕ್ಕಾಗಿಯೇ ಹೊಗಳುವುದು ಒಂದು ವಿನೋದವೇ ಸರಿ.) ಒಂದು ಮಾತೂ ಇಲ್ಲದೆ, ಮರದ ಒಂದು ಮುರುಕು ಹಲ್ಲಿನಿಂದ ಇಷ್ಟನ್ನು ಧ್ವನಿಸಿರುವುದು ಸಾಮಾನ್ಯ ಸಾಧನೆಯಲ್ಲ. ಹಾರ್ಲೈನರ ಸಂಗೀತವೂ ಇಲ್ಲಿ ಗಾಳಿಮಳೆಗಳ ಸದ್ದಿನೊಡನೆ ಬೆರೆತು ಹೋಗಿದೆ.

ದೋಷಗಳಿಲ್ಲವೆಂದಲ್ಲ. ಬಿರುಗಾಳಿಗೆ ಮುಂಚೆ ಬರುವ ಕಪ್ಪೆಗಳ ಮೇಳಗಾನ ‘ಸಿಲ್ಲಿ ಸಿಂಫನಿ’ಗಳ ಹಳೆಯ ಚಾಳಿ, ಅಲ್ಲಿ ಕಪ್ಪೆಗಳು ಕಪ್ಪೆಗಳಾಗಿರದೆ ನಾಟಕಶಾಲೆಯ ಗಾಯಕರಾಗುತ್ತವೆ. ಸೂರು ಸೋರಿ ನೆನೆದ ಗೂಬೆಯ ಸಿಡುಕು ಮುಖವೂ ಮನುಷ್ಯನದೇ. ಇದಕ್ಕಿಂತ ಗಂಭೀರವಾದ ಆಕ್ಷೇಪವೆಂದರೆ, ಒಂದೇ ಸೂರಿನಡಿಯಲ್ಲಿರುವ ಗೂಬೆ ಇಲಿಯನ್ನು ಹಿಡಿಯುವುದಿಲ್ಲ. ಪ್ರಕೃತಿಯ ಕ್ರೌರ್ಯವನ್ನೆಲ್ಲ ಗಾಳಿಮಳೆಗಳ ತಲೆಗೆ ಕಟ್ಟಿ, ಜೀವಿಗಳ ನಡುವಣ ಬೇಟೆಯನ್ನು ಮರೆಮಾಚಲಾಗಿದೆ. ಮೌನವನ್ನು ಪಾಲಿಸಿದ ಚಿತ್ರ ಸತ್ಯವನ್ನೂ ಪೂರ್ತಿಯಾಗಿ ಪಾಲಿಸಬಹುದಾಗಿತ್ತು. ಆದರೂ ಹಕ್ಕಿಯ ಪ್ರಸಂಗವನ್ನು ಈ ದೋಷಗಳು ಮುಟ್ಟುವುದಿಲ್ಲ; ಆ ಕೆಲವು ನಿಮಿಷಗಳಿಗಾಗಿ ಉಳಿದುದನ್ನು ನಾವು ಸಹಿಸಲು ಸಿದ್ಧರಿದ್ದೇವೆ.

ಈ ಚಿತ್ರ ಬಂದು ಎರಡು ತಿಂಗಳು ತುಂಬುವ ಮೊದಲೇ, 1937ರ ಡಿಸೆಂಬರ್ 21ರಂದು, ‘ಸ್ನೋ ವೈಟ್’ ಮೊದಲ ಪ್ರದರ್ಶನ ಕಂಡಿತು. ಮಲ್ಟಿಪ್ಲೇನ್ ಕ್ಯಾಮೆರಾವನ್ನು ಅಲ್ಲಿಯೂ ಬಳಸಿದರು. ಅಲ್ಲಿಯ ಅಳಿಲು, ಜಿಂಕೆ, ಹಕ್ಕಿಗಳು ಸೇರಿ ಕುಳ್ಳರ ಮನೆಯ ಕಸ ಗುಡಿಸಿ ತಟ್ಟೆ ತೊಳೆಯುತ್ತವೆ. 1942ರ ‘ಬ್ಯಾಂಬಿ’ಯಲ್ಲಿ ಕಾಡಿನ ಮಳೆಯನ್ನು ಬಹು ಸೊಗಸಾಗಿ ಚಿತ್ರಿಸಿದ್ದಾರೆ, ಆದರೆ ಜಿಂಕೆಮರಿ ಬೇಗನೆ ಮಾತು ಕಲಿಯುತ್ತದೆ.