ಹಾಲಿನ ತೊಟ್ಟಿಗೆ ದೂರದ ಕಾವಲು: ಒಂದೇ ಅಚ್ಚಿನಿಂದ ಹಲವು ಯಂತ್ರಗಳ ನಿಗಾ

ಕರೆದ ಹಾಲು ಕೆಚ್ಚಲಿನಿಂದ ಬರುವಾಗ ಸುಮಾರು 37 ಡಿಗ್ರಿ ಬೆಚ್ಚಗಿರುತ್ತದೆ. ಆ ಬಿಸುಪಿನಲ್ಲಿ ಹುಳಿ ಹಿಡಿಸುವ ಸೂಕ್ಷ್ಮಜೀವಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಅವುಗಳ ಬೆಳವಣಿಗೆ ಬಹಳ ಮಂದವಾಗುತ್ತದೆ. ಬಿ.ಎಂ.ಸಿ. ಎಂದು ನಾವು ಕರೆಯುವ ತಣಿಸುವ ತೊಟ್ಟಿ ಮಾಡುವ ಕೆಲಸ ಇಷ್ಟೆ. ಆದರೆ ರಾತ್ರಿ ಎರಡು ಗಂಟೆಗೆ ಅದರ ಕಂಪ್ರೆಸರು ನಿಂತರೆ ಯಾರು ನೋಡುವರು? ಸಂಘದ ಸೆಕ್ರೆಟರಿಯವರು ಮನೆಯಲ್ಲಿ ಮಲಗಿರುತ್ತಾರೆ. ಜತ್ತ, ಅಕ್ಕಲಕೋಟೆಯ ಕಡೆಯ ಬೇಸಗೆಯಾದರೆ ಕೇಳುವುದೇ ಬೇಡ. ಬೆಳಗಿನ ಟ್ಯಾಂಕರು ಬರುವ ಹೊತ್ತಿಗೆ ಊರಿನ ನೂರು ಮನೆಗಳ ಹಾಲು ಕೆಟ್ಟು ಕೂತಿರಬಹುದು.

ಈಗಿನ ತೊಟ್ಟಿಗಳ ನಿಯಂತ್ರಕ ಪೆಟ್ಟಿಗೆಗೆ ತಂತಿ ಜೋಡಿಸಿ, ಒಂದು ಸಿಮ್ ಹಾಕಿದ ಸಣ್ಣ ಯಂತ್ರದ ಮೂಲಕ ಅದು ತನ್ನ ಉಷ್ಣತೆಯನ್ನು ದೂರದ ಕಂಪ್ಯೂಟರಿಗೆ ಹೇಳುವಂತೆ ಮಾಡಬಹುದು. ಇದು ಹಲವು ವಾಚಕರಿಗೆ ಗೊತ್ತೇ ಇದೆ. ಗೊತ್ತಿಲ್ಲದಿರುವುದು ಇದರ ಮುಂದಿನ ಮಾತು. ಒಂದು ತೊಟ್ಟಿಗೆ ಕಾವಲು ಹಾಕುವುದು ಸುಲಭ. ಹನ್ನೆರಡು ಊರುಗಳ ಹನ್ನೆರಡು ತೊಟ್ಟಿಗಳಿಗೆ ಹಾಕುವುದು ಹೇಗೆ?

ಒಂದೊಂದು ತೊಟ್ಟಿಗೂ ಹಾಲಿನ ಉಷ್ಣತೆ, ಕಂಪ್ರೆಸರು ಓಡುತ್ತಿದೆಯೇ, ಕಲಕುವ ರೆಕ್ಕೆ ತಿರುಗುತ್ತಿದೆಯೇ, ಕರೆಂಟು ಇದೆಯೇ, ಜನರೇಟರು ಎದ್ದಿತೇ, ಹೀಗೆ ಹದಿನೈದು ಸಂಗತಿಗಳನ್ನು ಬರೆದಿಡಬೇಕಾಗುತ್ತದೆ. ಹನ್ನೆರಡು ಹದಿನೈದಲೆ ನೂರಾ ಎಂಬತ್ತು. ಕೈಯಿಂದ ನೂರಾ ಎಂಬತ್ತು ಸಲ ಬರೆಯುವವನು ಎಲ್ಲೋ ಒಂದು ಕಡೆ 6 ಎಂಬಲ್ಲಿ 60 ಎಂದು ಬರೆಯದೆ ಇರಲಾರ. ಆ ಊರಿನ ತೊಟ್ಟಿಗೆ ಕಾವಲು ಇದ್ದೂ ಇಲ್ಲದಂತೆಯೇ ಸರಿ.

ಇದಕ್ಕೆ ಉಪಾಯವೇ ಟೆಂಪ್ಲೇಟು. ನಾವು ಇದನ್ನು ಅಚ್ಚು ಎನ್ನೋಣ. ನಮ್ಮ ಕೂರಿಗೆಯನ್ನು ನೆನೆಯಿರಿ. ಹಿಂಗಾರಿ ಜೋಳಕ್ಕೆ ಸಾಲಿನಿಂದ ಸಾಲಿಗೆ 18 ಅಂಗುಲ ಬೇಕೆಂದು ಪ್ರತಿ ಹೊಲದಲ್ಲಿಯೂ ಯಾರಾದರೂ ಗೇಣು ಹಾಕಿ ಅಳೆಯುತ್ತಾರೆಯೇ? ಬಡಿಗೇರರು ಒಮ್ಮೆ ತಾಳುಗಳ ಅಂತರವನ್ನು ಸರಿಯಾಗಿ ಕೂರಿಸಿಕೊಟ್ಟರಾಯಿತು, ಆ ಕೂರಿಗೆ ಯಾರ ಹೊಲಕ್ಕೆ ಹೋದರೂ ಸಾಲು ಒಂದೇ. ಕಾವಲಿನ ಅಚ್ಚೂ ಹಾಗೆಯೇ. ಏನನ್ನು ಕೇಳಬೇಕು, ಎಷ್ಟು ನಿಮಿಷಕ್ಕೊಮ್ಮೆ ಕೇಳಬೇಕು, ಯಾವ ಉತ್ತರ ಬಂದರೆ ಕೂಗಿ ಎಬ್ಬಿಸಬೇಕು ಎಂಬುದನ್ನೆಲ್ಲ ಒಂದೇ ಸಲ ಬರೆದಿಟ್ಟು, ಹೊಸ ತೊಟ್ಟಿ ಬಂದಾಗ ಅದಕ್ಕೆ ಆ ಅಚ್ಚನ್ನು ಜೋಡಿಸುವುದು.

ಹೋಲಿಕೆ ಒಂದು ಕಡೆ ತಪ್ಪುತ್ತದೆ, ಅದನ್ನೂ ಹೇಳಬೇಕು. ಕೂರಿಗೆಯನ್ನು ನಾಳೆ ತಿದ್ದಿದರೆ ನಿನ್ನೆ ಬಿತ್ತಿದ ಸಾಲು ತಿದ್ದುಪಡಿಯಾಗುವುದಿಲ್ಲ. ಇಲ್ಲಿ ಹಾಗಲ್ಲ. ಅಚ್ಚನ್ನು ಒಂದು ಕಡೆ ತಿದ್ದಿದರೆ ಅದಕ್ಕೆ ಜೋಡಿಸಿದ ಹನ್ನೆರಡು ತೊಟ್ಟಿಗಳ ಕಾವಲೂ ತಿದ್ದಿದಂತಾಗುತ್ತದೆ. ಇದರ ಗುಣವೂ ಇದೇ, ಅಪಾಯವೂ ಇದೇ.

ಈ ಕೆಲಸಕ್ಕೆ ಝಾಬಿಕ್ಸ್ ಎಂಬ ತಂತ್ರಾಂಶ ಬಹಳ ಬಳಕೆಯಲ್ಲಿದೆ. ಲಾಟ್ವಿಯಾ ದೇಶದ ಅಲೆಕ್ಸೈ ವ್ಲಾದಿಶೆವ್ ಅವರು 1998ರಲ್ಲಿ ಇದನ್ನು ಬರೆಯತೊಡಗಿ, 2001ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ಇದಕ್ಕೆ ಹಣ ಕೊಡಬೇಕಾಗಿಲ್ಲ. ನಗಿಯೋಸ್ ಎಂಬ ಇನ್ನೊಂದು ಹಳೆಯ ತಂತ್ರಾಂಶದಲ್ಲಿಯೂ ಅಚ್ಚಿನ ಪದ್ಧತಿಯುಂಟು. ಜಾಲದ ಯಂತ್ರಗಳನ್ನು ಮಾತನಾಡಿಸಲು ಎಸ್‌.ಎನ್‌.ಎಂ.ಪಿ. ಎಂಬ ಭಾಷೆ 1988ರಿಂದಲೂ ಇದೆ. ತೊಟ್ಟಿಯ ನಿಯಂತ್ರಕದಂಥ ಕಾರ್ಖಾನೆಯ ಪೆಟ್ಟಿಗೆಗಳು ಹೆಚ್ಚಾಗಿ 1979ರ ಮಾಡ್‌ಬಸ್ ಎಂಬ ಇನ್ನೂ ಹಳೆಯ ಭಾಷೆಯಲ್ಲಿ ಮಾತನಾಡುತ್ತವೆ. ರೂಟರು, ಸ್ವಿಚ್ಚುಗಳಿಗೆ ಝಾಬಿಕ್ಸಿನಲ್ಲಿ ಸಿದ್ಧ ಅಚ್ಚುಗಳು ಬೇಕಾದಷ್ಟಿವೆ. ತೊಟ್ಟಿಗೆ ಮಾತ್ರ ನಾವೇ ಒಂದನ್ನು ಕಟ್ಟಿಕೊಳ್ಳಬೇಕು.

ಇನ್ನು ಮುಖ್ಯ ಮಾತಿಗೆ ಬರೋಣ. ಯಾವಾಗ ಕೂಗಬೇಕು? 6 ಡಿಗ್ರಿ ದಾಟಿದೊಡನೆ ಎಂದು ಬರೆದರೆ ಕೆಟ್ಟಿತು. ತೊಟ್ಟಿಯಲ್ಲಿ ಸಂಜೆಯ ಹಾಲು 1000 ಲೀಟರು 4 ಡಿಗ್ರಿಯಲ್ಲಿದೆಯೆನ್ನಿ. ಬೆಳಿಗ್ಗೆ 32 ಡಿಗ್ರಿಯ ಹಾಲು 500 ಲೀಟರು ಒಮ್ಮೆಗೇ ಬಿದ್ದರೆ ಒಟ್ಟು ಹಾಲು 13 ಡಿಗ್ರಿಗೆ ಏರುತ್ತದೆ. ಸ್ವಲ್ಪ ಸ್ವಲ್ಪವಾಗಿ ಸುರಿದರೆ ಅಷ್ಟು ಏರದು, ಆದರೂ ಏರುವುದು ಸಹಜ. ಪ್ರತಿದಿನ ಎರಡು ಹೊತ್ತೂ ಸುಳ್ಳು ಕೂಗು ಬಂದರೆ ಮೂರನೆಯ ದಿನಕ್ಕೆ ಸೆಕ್ರೆಟರಿಯವರು ಫೋನಿನ ಬಾಯಿ ಕಟ್ಟಿಡುತ್ತಾರೆ. ಅವರ ತಪ್ಪೇನೂ ಇಲ್ಲ.

ಆದುದರಿಂದ ಉಷ್ಣತೆಯ ಜೊತೆಗೆ ಹೊತ್ತನ್ನೂ ಸೇರಿಸಿ ಬರೆಯಬೇಕು. ಕಳೆದ ಮೂರು ಗಂಟೆಯ ಅಳತೆಗಳಲ್ಲಿ ಅತಿ ಕಡಿಮೆಯದೂ 6 ಡಿಗ್ರಿಗಿಂತ ಮೇಲಿದ್ದರೆ ಎಚ್ಚರಿಕೆ. ಒಂದು ಗಂಟೆಯುದ್ದಕ್ಕೂ 10 ಡಿಗ್ರಿಯ ಕೆಳಗೆ ಒಮ್ಮೆಯೂ ಇಳಿಯದಿದ್ದರೆ ತುರ್ತಿನ ಕೂಗು. ಆಗ ಹಾಲು ಸರಿಯಾಗಿ ತಣಿಯುತ್ತಿಲ್ಲವೇನೋ ಎಂದು ಅನುಮಾನಿಸಬೇಕು. ಕೂಗು ನಿಲ್ಲುವುದು 6ಕ್ಕೆ ಅಲ್ಲ, 5ಕ್ಕೆ ಇಳಿದ ಮೇಲೆ. ಇಲ್ಲದಿದ್ದರೆ 5.9, 6.1 ಎಂದು ಅತ್ತಿತ್ತ ಆಡುವಾಗ ರಾತ್ರಿಯೆಲ್ಲ ಹೊತ್ತಿ ಆರುತ್ತಿರುತ್ತದೆ.

ಮೌನವೂ ಒಂದು ಸುದ್ದಿ. ಹದಿನೈದು ನಿಮಿಷ ಯಾವ ಉತ್ತರವೂ ಬಾರದಿದ್ದರೆ ಅದಕ್ಕೊಂದು ಕೂಗು ಬೇಕೇಬೇಕು, ಏಕೆಂದರೆ ಕರೆಂಟು ಹೋಗಿ ಸಿಮ್ಮಿನ ಯಂತ್ರವೂ ಆರಿದಾಗ ತೊಟ್ಟಿ ದೂರು ಹೇಳಲಾರದು. ಆ ಸಣ್ಣ ಯಂತ್ರಕ್ಕೆ ಒಂದು ಬ್ಯಾಟರಿ ಇಟ್ಟರೆ ಇನ್ನೂ ಒಳ್ಳೆಯದು. ಹಾಗೆಯೇ ಊರಿನ ಟವರು ಕೆಟ್ಟಾಗ ಹದಿನೈದು ಸಂಗತಿಗಳಿಗೆ ಹದಿನೈದು ಕೂಗು ಬಾರದಂತೆ, ಉಳಿದ ಕೂಗುಗಳನ್ನು ಸಂಪರ್ಕದ ಕೂಗಿಗೆ ಅಧೀನ ಮಾಡಿಡಬೇಕು.

ಎಲ್ಲ ಊರಿನ ತೊಟ್ಟಿಯೂ ಒಂದೇ ಅಲ್ಲವಲ್ಲ ಎಂದು ಕೇಳುವಿರಿ. ಒಂದು ಕಡೆ 500 ಲೀಟರಿನದು, ಇನ್ನೊಂದು ಕಡೆ 5000ದ್ದು, ಒಂದರ ಕಂಪ್ರೆಸರು ಹಳೆಯದು. ಇದಕ್ಕಾಗಿಯೇ ಅಚ್ಚಿನಲ್ಲಿ ಅಂಕಿಗಳನ್ನು ನೇರವಾಗಿ ಬರೆಯದೆ ಖಾಲಿ ಮನೆಗಳನ್ನು ಬಿಡುವುದು. ಝಾಬಿಕ್ಸಿನವರು ಇವನ್ನು ಮ್ಯಾಕ್ರೋ ಎನ್ನುತ್ತಾರೆ. ಅಚ್ಚಿನಲ್ಲಿ ಮೂರು ಗಂಟೆ ಎಂದು ಒಂದು ವಾಡಿಕೆಯ ಬೆಲೆ ಇರುತ್ತದೆ. ಯಾವ ಊರಿಗೆ ನಾಲ್ಕು ಗಂಟೆ ಬೇಕೋ ಆ ಊರಿನ ತೊಟ್ಟಿಯ ಹೆಸರಿನಲ್ಲಿ ಮಾತ್ರ ನಾಲ್ಕು ಎಂದು ಬರೆದರೆ ಅಲ್ಲಿ ಅದೇ ನಡೆಯುತ್ತದೆ. ಊರಿನದು ಮೊದಲು, ಅಚ್ಚಿನದು ಆಮೇಲೆ. ಬಿತ್ತುವ ಬೀಜ ಬೇರೆಯಾದರೂ ಕೂರಿಗೆ ಬೇರೆಯಾಗಬೇಕಿಲ್ಲ.

ಈಗ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ. ಒಂದು ಸಂಘದವರು ಇಂಥದೇ ಅಚ್ಚನ್ನು ಹಾಕಿಕೊಂಡು ಆರು ತಿಂಗಳು ಸುಖವಾಗಿದ್ದರು. ಅವರ ಹಳೆಯ ನಿಯಂತ್ರಕಗಳು 4.2 ಡಿಗ್ರಿಯನ್ನು 42 ಎಂದು ಹೇಳುತ್ತಿದ್ದವು, ಹತ್ತನೆಯ ಒಂದಂಶದ ಲೆಕ್ಕದಲ್ಲಿ. ಇಂಥ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯ. ಅಚ್ಚಿನಲ್ಲಿ ಬಂದ ಅಂಕಿಯನ್ನು 0.1ರಿಂದ ಗುಣಿಸಲು ಬರೆದಿತ್ತು. ಮುಂದೆ ಹೊಸ ಊರಿಗೊಂದು ತೊಟ್ಟಿ ಬಂತು. ಅದರ ನಿಯಂತ್ರಕ ಬೇರೆ ತಯಾರಿಕೆಯದು. 4 ಡಿಗ್ರಿಗೆ 4 ಎಂದೇ ಹೇಳುವಂಥದು. ಜೋಡಿಸಿದ ಹುಡುಗ ಅಚ್ಚನ್ನು ಹಚ್ಚಿ, ಪರದೆಯ ಮೇಲೆ ಹಸಿರು ಬಂತೆಂದು ನೋಡಿ ಮನೆಗೆ ಹೋದ. ಪರದೆಯಲ್ಲಿ 0.4 ಎಂದಿದ್ದುದನ್ನು ಯಾರೂ ಓದಲಿಲ್ಲ. ಹತ್ತು ದಿನಗಳ ಮೇಲೆ ಕಂಪ್ರೆಸರು ನಿಂತಿತು. ಹಾಲು 28 ಡಿಗ್ರಿಗೆ ಏರಿದಾಗ ಪರದೆ 2.8 ಎಂದಿತು, ಹಸಿರಾಗಿಯೇ ಇತ್ತು. ಬೆಳಿಗ್ಗೆ ಮುಚ್ಚಳ ತೆಗೆದವರಿಗೆ ಮೂಗೇ ಹೇಳಿತು. ಆ ಹಾಲನ್ನು ಹಳ್ಳಕ್ಕೆ ಬಿಟ್ಟರು. ಹಾಲು ಹಾಕಿದ ಹೆಣ್ಣುಮಕ್ಕಳು ಸಂಘದ ಬಾಗಿಲಲ್ಲಿ ನಿಂತು ಕೇಳಿದ ಮಾತುಗಳಿಗೆ ಯಾರಲ್ಲಿಯೂ ಉತ್ತರವಿರಲಿಲ್ಲ.

ಅಚ್ಚು ಕೆಟ್ಟದ್ದಲ್ಲ. ಬೇರೆ ಅಂತರದ ಕೂರಿಗೆಯಿಂದ ಬಿತ್ತಿದ ಹೊಲಕ್ಕೆ ನಮ್ಮ ಎಡೆಕುಂಟೆ ಹೊಡೆದಂತಾಯಿತು, ಅಷ್ಟೆ. ಆದರೆ ಈ ತಪ್ಪನ್ನು ಮೊದಲ ದಿನವೇ ಹಿಡಿಯಬಹುದಾಗಿತ್ತು. ಹಾಲು ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, 0.4 ಎಂದರೆ ಬಹುತೇಕ ಮಂಜುಗಡ್ಡೆಯ ಬಾಗಿಲು. ಒಳ್ಳೆಯ ತೊಟ್ಟಿ ಅಲ್ಲಿ ನಿಲ್ಲಬಾರದು. ಅಚ್ಚಿನಲ್ಲಿ ಮೇಲಿನ ಗಡಿಯ ಜೊತೆಗೆ 2 ಡಿಗ್ರಿಯ ಕೆಳಗಿನ ಗಡಿಯನ್ನೂ ಬರೆದಿದ್ದರೆ ಆ ರಾತ್ರಿಯೇ ಕೂಗು ಬರುತ್ತಿತ್ತು. ಬಹುಪಾಲು ಜನ ಮೇಲಿನದನ್ನಷ್ಟೇ ಬರೆಯುತ್ತಾರೆ. ಗುಣಿಸುವ ಅಂಕಿಯನ್ನೂ ಖಾಲಿ ಮನೆಯಾಗಿ ಬಿಡಬಹುದು: ಅಚ್ಚಿನಲ್ಲಿ 0.1, ಆ ಊರಿಗೆ 1. ಎಲ್ಲಕ್ಕಿಂತ ಮಿಗಿಲಾಗಿ, ಹೊಸ ತೊಟ್ಟಿಗೆ ಅಚ್ಚು ಜೋಡಿಸಿದ ದಿನ ಕೈಯ ಥರ್ಮಾಮೀಟರನ್ನು ಹಾಲಿಗೆ ಇಳಿಸಿ, ಪರದೆಯ ಅಂಕಿಗೆ ತಾಳೆ ನೋಡಲೇಬೇಕು. ಆಮೇಲೆ ಕಂಪ್ರೆಸರನ್ನು ಬೇಕೆಂದೇ ಆರಿಸಿ ಕೂಗು ಬರುತ್ತದೆಯೇ ಎಂದು ಕಾದು ನೋಡಬೇಕು. ಹಾಲಿನಲ್ಲಿ ಬೇಡ, ತೊಟ್ಟಿಗೆ ನೀರು ತುಂಬಿ ಮಾಡಿ.

ಅಚ್ಚನ್ನು ತಿದ್ದುವ ಸಂದರ್ಭ ಬಂದಾಗ ಮೂಲಕ್ಕೆ ಕೈ ಹಾಕಬೇಡಿ. ಅದರ ಪ್ರತಿಯೊಂದನ್ನು ಮಾಡಿ, ಒಂದೇ ಊರಿಗೆ ಹಚ್ಚಿ, ಒಂದು ವಾರ ನೋಡಿ, ಸರಿಯೆನಿಸಿದರೆ ಮೂಲವನ್ನು ತಿದ್ದಿರಿ. ಮೂಲವನ್ನು ತಿದ್ದುವ ಮುಂಚೆ ಅದನ್ನು ಕಡತವಾಗಿ ಹೊರತೆಗೆದು, ಹೆಸರಿನಲ್ಲಿ ತಾರೀಖು ಹಾಕಿ ಎತ್ತಿಡಿ. ಅದೇ ಕಡತವನ್ನು ನೆರೆಯ ಸಂಘದವರಿಗೂ ಕೊಡಬಹುದು. ಕೂರಿಗೆ ಕೊಟ್ಟರೆ ಸವೆಯುತ್ತದೆ, ಇದು ಸವೆಯದು. ಆದರೆ ಯಂತ್ರಗಳ ಗುಪ್ತಪದವನ್ನು ಅಚ್ಚಿನೊಳಗೆ ಬರೆದಿದ್ದರೆ ಅದೂ ನೆರೆಯವರ ಮನೆಗೆ ಹೋದೀತು. ಗುಪ್ತಪದವನ್ನು ಆಯಾ ಊರಿನ ತೊಟ್ಟಿಯ ಹೆಸರಿನಲ್ಲಿಯೇ ಇಡುವುದು ಲೇಸು.

ಒಂದು ಕೇಂದ್ರ ಮುಚ್ಚಿದಾಗ ಅಥವಾ ಅಚ್ಚು ಬದಲಾಯಿಸುವಾಗ ಝಾಬಿಕ್ಸು ಎರಡು ದಾರಿ ತೋರಿಸುತ್ತದೆ. ಬರಿದೆ ಬಿಚ್ಚುವುದು ಒಂದು. ಅದರಲ್ಲಿ ಅಂದಿನವರೆಗಿನ ಅಳತೆಗಳು ಆ ತೊಟ್ಟಿಯ ಹೆಸರಿನಲ್ಲಿ ಉಳಿಯುತ್ತವೆ. ಬಿಚ್ಚಿ ಅಳಿಸುವುದು ಇನ್ನೊಂದು. ಅದರಲ್ಲಿ ಹಳೆಯ ದಾಖಲೆಯೂ ಹೋಗುತ್ತದೆ. ಡೇರಿಯವರು ಹಾಲು ಹುಳಿಯೆಂದು ತಿರುಗಿಸಿದ ದಿನ ತೊಟ್ಟಿ ರಾತ್ರಿಯಿಡೀ 4 ಡಿಗ್ರಿಯಲ್ಲಿತ್ತೆಂದು ತೋರಿಸಲು ಸಂಘದ ಕೈಯಲ್ಲಿರುವುದು ಆ ದಾಖಲೆಯೊಂದೇ. ಎರಡನೆಯ ಗುಂಡಿಯನ್ನು ಒತ್ತುವ ಮುನ್ನ ಸಂಘದ ಚೇರಮನ್ನರನ್ನೊಮ್ಮೆ ಕೇಳಿರಿ.