ತುರಿಮಣೆ ಕಟ್ಟೆ ಏರಿದಾಗ

ಗೋವಾದ ಮೀನುಸಾರಿಗೆ ತೆಂಗಿನಕಾಯಿ ಬೇಕೇ ಬೇಕು. ಅದನ್ನು ತುರಿಯಲು ಅಲ್ಲಿನ ಮನೆಗಳಲ್ಲಿ ತಲೆಮಾರುಗಳಿಂದ ಬಂದದ್ದು ಆದೊಳಿ. ನಮ್ಮ ಕರಾವಳಿಯ ಮೆಟ್ಟುಕತ್ತಿ, ಒಳನಾಡಿನ ಈಳಿಗೆಮಣೆ ಇದರ ಒಡಹುಟ್ಟುಗಳು. ಮರದ ಮಣೆ, ಅದರ ಮುಂದುಗಡೆಯಿಂದ ಬಾಗಿ ಮೇಲೆದ್ದ ಅಲಗು, ಅಲಗಿನ ತುದಿಯಲ್ಲಿ ಹಲ್ಲುಳ್ಳ ಬಿಲ್ಲೆ. ನೋಡಲು ಇಷ್ಟೇ. ಆದರೆ ಇದನ್ನು ರೂಪಿಸಿದ ಬಡಗಿ, ಕಮ್ಮಾರರಿಗೆ ಮೈಯ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಚಾಕು ಹಿಡಿದರೆ ಒಂದು ಕೈ ಅದಕ್ಕೇ ಮೀಸಲು. ಆದೊಳಿಯಲ್ಲಿ ಅಲಗು ಕದಲುವುದಿಲ್ಲ, ಎರಡೂ ಕೈ ಕಾಯಿಗೇ ಸಿಗುತ್ತವೆ. ಮಣೆ ಜಾರದಂತೆ ಹಿಡಿದಿಡುವುದು ಕೂತವರ ಮೈತೂಕ. ಬಿಲ್ಲೆಯ ದುಂಡು ಹೋಳಿನ ಒಳದುಂಡಿಗಿಂತ ಚಿಕ್ಕದು. ಹಾಗಾಗಿ ಹೋಳನ್ನು ತಿರುಗಿಸುತ್ತ ಹೋದಂತೆ ಅದು ಮೂಲೆಮೂಲೆಗೂ ತಲುಪುತ್ತದೆ. ಚಿಪ್ಪಿಗಂಟಿದ ಕಂದು ಸಿಪ್ಪೆ ಬಂತೆಂದು ಅಂಗೈಗೇ ತಿಳಿಯುತ್ತದೆ, ಕೈ ತಾನಾಗಿ ನಿಲ್ಲುತ್ತದೆ. ತುರಿ ಬೆಳ್ಳಗೆ ಕೆಳಗಿನ ತಟ್ಟೆಗೆ ಬೀಳುತ್ತದೆ. ಮಡಗಾಂವ್ ಬಳಿಯ ಬೆನೌಲಿಮ್‌ನಲ್ಲಿ ವಿಕ್ಟರ್ ಹ್ಯೂಗೋ ಗೋಮ್ಸ್ 2009ರಲ್ಲಿ ತೆರೆದ ‘ಗೋವಾ ಚಿತ್ರ’ ಸಂಗ್ರಹಾಲಯದಲ್ಲಿ ಹಳೆಯ ಬೇಸಾಯದ, ಮನೆಗೆಲಸದ ಸಾವಿರಾರು ಸಲಕರಣೆಗಳಿವೆ. ಅಂಥವನ್ನು ವಿನ್ಯಾಸದ ಪಾಠವಾಗಿಯೇ ಓದಬೇಕು ಎಂಬುದು ನನ್ನ ಅನಿಸಿಕೆ. ಚಿಪ್ಪಿನ ಸೌಟನ್ನೇ ನೋಡಿ: ಕೈ ಸುಡುವುದಿಲ್ಲ, ಮಣ್ಣಿನ ಗಡಿಗೆಯ ದುಂಡು ತಳವನ್ನು ಗೀರದೆ ಸವರಿಕೊಂಡು ಬರುತ್ತದೆ.

ಆದರೆ ಮಂಡಿ ನೋವಿರುವವರಿಗೆ ನೆಲದ ಮೇಲೆ ಕೂತೇಳುವುದೇ ಶಿಕ್ಷೆ. ಅಡುಗೆಮನೆ ಎದ್ದು ನಿಂತದ್ದು ಎಷ್ಟೋ ಹೆಂಗಸರಿಗೆ ಬಿಡುಗಡೆಯೇ ಆಯಿತು. ತೊಂದರೆ ಇರುವುದು ಎದ್ದು ನಿಂತ ರೀತಿಯಲ್ಲಿ.

ನಿಂತು ಮಾಡುವ ಹಗುರ ಕೆಲಸಕ್ಕೆ ಮೊಣಕೈಗಿಂತ 10–15 ಸೆಂ.ಮೀ. ಕೆಳಗಿನ ಎತ್ತರ ಹಿತ. ಬಲ ಹಾಕುವ ಕೆಲಸಕ್ಕೆ ಇನ್ನೂ ಕೆಳಗಿರಬೇಕು ಎನ್ನುತ್ತದೆ ದಕ್ಷತಾಶಾಸ್ತ್ರ. 150 ಸೆಂ.ಮೀ. ಎತ್ತರದ ಹೆಂಗಸಿನ ಮೊಣಕೈ ನೆಲದಿಂದ ಸುಮಾರು 95 ಸೆಂ.ಮೀ. ಮೇಲಿರುತ್ತದೆ. ಅಡುಗೆಕಟ್ಟೆ ಸಾಮಾನ್ಯವಾಗಿ 85ರ ಆಸುಪಾಸು. ತರಕಾರಿ ಹೆಚ್ಚಲು ಸರಿ. ಅದೇ ಕಟ್ಟೆಗೆ ತಿರುಪು ಹಾಕಿ ಬಿಗಿಯುವ, ಹಿಡಿ ತಿರುಗಿಸುವ ತುರಿಯುವ ಯಂತ್ರ ಕೂರಿಸಿ. ಅದರ ಬಿಲ್ಲೆ ಒಂದು ಗೇಣು ಮೇಲಿರುತ್ತದೆ, ಅಂದರೆ ಸುಮಾರು 105 ಸೆಂ.ಮೀ. ಕೈ ಮೊಣಕೈಗಿಂತ ಮೇಲೇರಿತು, ಭುಜ ಎತ್ತಿಯೇ ತುರಿಯಬೇಕು. ಸಾಲದ್ದಕ್ಕೆ ಒಂದು ಕೈ ಮತ್ತೆ ಹಿಡಿಗೆ ಹೋಯಿತು.

ಹಿಡಿಯಾದರೂ ಕೈತುಂಬ ಸಿಗುತ್ತದೆಯೇ? ಬಹುಪಾಲು ಸಪೂರ. ಅಮೆರಿಕದ ಸ್ಯಾಮ್ ಫಾರ್ಬರ್, ಸಂಧಿವಾತವಿದ್ದ ಹೆಂಡತಿ ಬೆಟ್ಸಿ ಸಿಪ್ಪೆ ಹೆರೆಯಲು ಪಡುತ್ತಿದ್ದ ಕಷ್ಟ ನೋಡಿ ದಪ್ಪನೆಯ ಮೆತ್ತನೆ ಹಿಡಿಯ ಸಲಕರಣೆಗಳನ್ನು ಮಾಡಿಸಿದರು. 1990ರಲ್ಲಿ ‘ಆಕ್ಸೋ’ ಹೆಸರಿನಲ್ಲಿ ಬಂದ ಅವು ನೋವಿಲ್ಲದ ಕೈಗಳಿಗೂ ಇಷ್ಟವಾದವು.

ನಿಂತು ಮಾಡುವ ಅಡುಗೆಮನೆಯ ಮಾದರಿಗಳಲ್ಲಿ ಹೆಸರಾದದ್ದು 1926ರ ಫ್ರಾಂಕ್‌ಫರ್ಟ್ ಅಡುಗೆಮನೆ. ಅದನ್ನು ರೂಪಿಸಿದ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ, ಕೂತು ಹೆಚ್ಚಲು ಅಲ್ಲೊಂದು ತಿರುಗುವ ಸ್ಟೂಲನ್ನೂ ಇಟ್ಟಿದ್ದರು. ನಮ್ಮ ಫ್ಲ್ಯಾಟುಗಳಿಗೆ ಕಟ್ಟೆ ಬಂತು, ಸ್ಟೂಲು ಬರಲಿಲ್ಲ. ಪಣಜಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಮನೆ ಕಟ್ಟಿಸುವವರು ಗ್ರಾನೈಟ್‌ನ ಬಣ್ಣ ಆರಿಸುವ ಮುನ್ನ ಅಡುಗೆ ಮಾಡುವವರ ಮೊಣಕೈ ಎತ್ತರ ಅಳೆಯಲಿ. ಕಟ್ಟೆಯ ಒಂದು ಬದಿ, ಎರಡಡಿ ಉದ್ದ ಸಾಕು, 65–70 ಸೆಂ.ಮೀ. ಎತ್ತರಕ್ಕೆ ನಿಲ್ಲಲಿ. ಕಾಯಿ ತುರಿಯುವುದೂ ರೊಟ್ಟಿಹಿಟ್ಟು ನಾದುವುದೂ ಅಲ್ಲಿ ನಡೆಯಲಿ. ಅದರ ಕೆಳಗೆ ಕಾಲು ಚಾಚುವಷ್ಟು ಜಾಗ ಖಾಲಿ ಬಿಟ್ಟರೆ ಕುರ್ಚಿ ಎಳೆದುಕೊಂಡು ಕೂತೂ ಮಾಡಬಹುದು.